ಶಾಲು ಹೊದಿಸಿದ್ದು ಸಾಕು, ಮಳೆಗಾಲಕ್ಕೆ ಜನ ಬೇಕು: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೂ ಜಿಲ್ಲೆಯ ಜನರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೇ ನಮ್ಮ ಜಿಲ್ಲೆಯ ಎಲ್ಲರಿಗೂ ನಮಸ್ಕಾರ.

ನಾನು ಹೊಸನಗರ ತಾಲೂಕಿನವಳು. ನಮ್ಮ ಭಾವ ಸೈನ್ಯದಲ್ಲಿದ್ದಾರೆ, ಈಗ ಫೀಲ್ಡ್ ಪೋಸ್ಟಿಂಗ್, ಅಂದ್ರೆ ಮನೆಯವರನ್ನ ಜೊತೆಗೆ ಕರ್ಕೊಂಡು ಹೋಗೋಕಾಗದ ಜಾಗ, ಎಲ್ಲಿ ಅಂತ ಇಲ್ಲಿ ಬರೆಯಲ್ಲ, ಬರೀಲೂಬಾರ್ದು. ಅಕ್ಕ ಇಬ್ರು ಮಕ್ಕಳನ್ನ ಇಟ್ಕೊಂಡು ಅತ್ತೆ ಮಾವನ ಜೊತೆ ಊರಲ್ಲೇ ಇದ್ದಾಳೆ. ಅವಳ ಮನೆ ಕೆಲಸಕ್ಕೆ ಅಂತ ಓಡಾಡ್ತಾ ಓಡಾಡ್ತಾ ಸುತ್ತಮುತ್ತ ಇಂಥದ್ದೇ ಇನ್ನೂ ಕೆಲವು ಮನೆಗಳ ಪರಿಚಯ ಆಯ್ತು, ಒಬ್ಬರ ಅರ್ಜಿ ಬರೆದುಕೊಟ್ಟಿದ್ದಕ್ಕೆ ಇನ್ನೊಬ್ರು ಫೋನ್ ಮಾಡಿದ್ರು, ಈಗ ನಾವು ಒಂದಷ್ಟು ಜನ ಸೇರ್ಕೊಂಡು ಈ ಕೆಲಸ ಮಾಡ್ತಾ ಇದೀವಿ. ನಮ್ಮ ಗುಂಪಿಗೆ ಹೆಸರಿಲ್ಲ, ರಿಜಿಸ್ಟರ್ ಮಾಡ್ಸಿಲ್ಲ, ಯಾರ ಹತ್ರನೂ ಚಂದಾ ಎತ್ತಲ್ಲ. ಟೀಚರ್ ಒಬ್ರು, ರಿಟೈರ್ಡ್ ಹವಾಲ್ದಾರ್ ಒಬ್ರು, ಅಡಿಕೆ ತೋಟದ ಕೆಲಸ ಗೊತ್ತಿರೋ ಹುಡುಗ್ರು, ಪಿಕಪ್ ಓಡ್ಸೋರು, ಇಷ್ಟೇ.

ಈ ಪತ್ರ ಜಿಲ್ಲಾಧಿಕಾರಿಗಳಿಗೇ ಯಾಕೆ ಅಂದ್ರೆ ಸೈನಿಕರ ಕುಟುಂಬದ ಕಲ್ಯಾಣ ನೋಡ್ಕೊಳ್ಳೋ ಜಿಲ್ಲಾ ಸೈನಿಕ ಮಂಡಳಿಗೆ ಅಧ್ಯಕ್ಷರು ಅವರೇ. ಆಸ್ಪತ್ರೆ, ತಹಶೀಲ್ದಾರ್ ಆಫೀಸು, ಪಂಚಾಯ್ತಿ, ಕರೆಂಟು, ರಸ್ತೆ, ಇಷ್ಟನ್ನೂ ಒಂದೇ ಮೇಜಿನ ಮುಂದೆ ಕೂರ್ಸೋಕೆ ಆಗೋದು ಜಿಲ್ಲೆಯಲ್ಲಿ ಅವರೊಬ್ಬರಿಗೇ. ನಾವು ಕೇಳ್ತಿರೋದು ದುಡ್ಡಲ್ಲ. ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಡ್ಯೂಟಿ ಮೇಲೆ ಇರೋ ಸೈನಿಕರ ಮನೆಗೆ ಅಂತ ಇಬ್ರು ಮೂರು ಜನ ನಂಬಿಕಸ್ಥ ಸ್ವಯಂಸೇವಕರನ್ನ ಗೊತ್ತು ಮಾಡಿ, ಅವರಿಗೆ ಜಿಲ್ಲಾಡಳಿತದಿಂದ ಒಂದು ಗುರುತು ಕೊಡಿ, ಅವರು ಫೋನ್ ಮಾಡಿದ್ರೆ ಎತ್ತೋ ಒಬ್ಬ ಅಧಿಕಾರಿನ ನೇಮಿಸಿ. ಇಷ್ಟೇ ನಮ್ಮ ಬೇಡಿಕೆ.

2025ರ ಏಪ್ರಿಲ್ 22ಕ್ಕೆ ಪಹಲ್ಗಾಮಲ್ಲಿ ಆಗಿದ್ದು ಶಿವಮೊಗ್ಗದ ಯಾರೂ ಮರೆಯೋಕೆ ಸಾಧ್ಯ ಇಲ್ಲ, ಉಗ್ರರ ದಾಳಿಯಲ್ಲಿ ನಮ್ಮ ಶಿವಮೊಗ್ಗದವರೇ ಒಬ್ರು ಅಲ್ಲಿ ಜೀವ ಕಳ್ಕೊಂಡ್ರು. ಆಮೇಲೆ ಮೇ 7ಕ್ಕೆ ಆಪರೇಷನ್ ಸಿಂಧೂರ ಶುರು ಆದಾಗ ರಜೆ ಮೇಲೆ ಬಂದಿದ್ದ ಸೈನಿಕರಿಗೆ ಅರ್ಧಕ್ಕೇ ವಾಪಸ್ ಬನ್ನಿ ಅಂತ ಕರೆ ಬಂತು, ರಾಜ್ಯದ ಎಷ್ಟೋ ಊರಲ್ಲಿ ಬಸ್ ಸ್ಟ್ಯಾಂಡು ರೈಲ್ವೇ ಸ್ಟೇಷನ್ನುಗಳಲ್ಲಿ ಹಾರ ಹಾಕಿ ಆರತಿ ಎತ್ತಿ ಜೈಕಾರ ಕೂಗಿ ಕಳಿಸ್ಕೊಟ್ರು, ಅದನ್ನ ನೋಡಿ ನಂಗೂ ಕಣ್ಣು ತುಂಬಿ ಬಂದಿತ್ತು. ಆದ್ರೆ ಮಲೆನಾಡಿನವರು ಒಂದು ವಿಷ್ಯ ಯೋಚನೆ ಮಾಡಿ, ಅಡಿಕೆ ತೋಟ ಇರೋ ಮನೆ ಸೈನಿಕ ಮೇ ತಿಂಗಳಲ್ಲೇ ಯಾಕೆ ರಜೆ ಹಾಕ್ಕೊಂಡು ಬರ್ತಾನೆ? ಮಳೆ ಹಿಡಿಯೋದ್ರೊಳಗೆ ಮೊದಲ್ನೇ ಸಲದ ಔಷಧಿ ಹೊಡ್ಸಿ, ಸೌದೆ ಒಳಗೆ ಹಾಕ್ಸಿ, ಸೂರಿನ ಹೆಂಚು ತಿರುವಿ, ಮಕ್ಕಳ ಸ್ಕೂಲ್ ಅಡ್ಮಿಷನ್ ಮುಗ್ಸಿ ಹೋಗೋಣ ಅಂತ. ಹಾರ ಹಾಕಿಸ್ಕೊಂಡು ಅವರು ಹೋದ್ರು, ಈ ಕೆಲಸ ಅಷ್ಟೂ ಹಾಗೇ ಉಳೀತು. ಸ್ಟೇಷನ್ನಿಗೆ ಅಷ್ಟು ಪ್ರೀತಿಯಿಂದ ಬಂದಿದ್ದ ಜನ ಜೂನಲ್ಲಿ ಆ ಮನೆ ಅಂಗಳಕ್ಕೆ ಬರಲಿಲ್ಲ. ಬರಬಾರದು ಅಂತಲ್ಲ, ಅಲ್ಲಿ ಒಂದು ಕೆಲಸ ಬಾಕಿ ಇದೆ ಅನ್ನೋದು ಅವರಿಗೆ ಹೇಳೋರು ಯಾರೂ ಇರಲಿಲ್ಲ.

ಬೆಳಗಾವಿ ಧಾರವಾಡ ಕೊಡಗಿನ ಕಡೆ ಒಂದೊಂದು ಊರಲ್ಲಿ ಎಷ್ಟೋ ಮನೆಯಿಂದ ಸೈನ್ಯಕ್ಕೆ ಹೋದೋರಿದ್ದಾರೆ, ಒಬ್ಬರಿಗೆ ಗೊತ್ತಿಲ್ಲದ್ದು ಪಕ್ಕದ ಮನೆಯವರಿಗೆ ಗೊತ್ತಿರುತ್ತೆ. ನಮ್ಮಲ್ಲಿ ಹಂಗಲ್ಲ. ಮನೆ ಅಂದ್ರೆ ತೋಟದ ಮೇಲಿನ ಧರೆ ಹತ್ರ ಒಂಟಿ ಮನೆ, ಆಚೆ ಮನೆಗೆ ಹೋಗ್ಬೇಕಂದ್ರೆ ಗದ್ದೆ ಅಂಚು ದಾಟಿ ಹಳ್ಳ ದಾಟಿ ಹೋಗ್ಬೇಕು, ಮಳೆಗಾಲದಲ್ಲಿ ಆ ಹಳ್ಳಕ್ಕೆ ಕಾಲುಸಂಕನೇ ಗತಿ. ಇಡೀ ಊರಿಗೆ ಒಬ್ಬನೇ ಸೈನಿಕ, ಅವನ ಹೆಂಡ್ತಿಗೆ, ಮದುವೆ ಆಗಿದ್ದು ಮಗು ಹುಟ್ಟಿದ್ದು ಯೂನಿಟ್ ದಾಖಲೆಗೆ ಸೇರ್ಸೋ ಪಾರ್ಟ್ ಟೂ ಆರ್ಡರ್ ಅಂದ್ರೆ ಎಂತದು ಅಂತ ಕೇಳೋಕೆ ಇನ್ನೊಬ್ಬ ಸೈನಿಕನ ಹೆಂಡ್ತಿ ಆ ಹೋಬಳಿಯಲ್ಲೇ ಸಿಗಲ್ಲ. ಮಲೆನಾಡಿಗೆ ಬೇರೆ ಥರದ ವ್ಯವಸ್ಥೆ ಬೇಕು ಅಂತ ನಾವು ಹೇಳೋದು ಇದಕ್ಕೇ.

ಔಷಧಿ ವಿಷ್ಯನೇ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಪೇಟೆಯವರಿಗೆ ಇದು ಸಣ್ಣದು ಅನ್ನಿಸ್ಬಹುದು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ಕೊಳೆ ರೋಗಕ್ಕೆ ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣದ ದ್ರಾವಣ ಹೊಡೀಬೇಕು, ಮೊದಲ್ನೇದು ಮಳೆ ಜೋರು ಹಿಡಿಯೋಕೆ ಮುಂಚೆ, ಎರಡನೇದು ಸುಮಾರು 40-45 ದಿನ ಬಿಟ್ಟು, ಮಳೆ ಬಿಡದೇ ಇದ್ರೆ ಮೂರನೇದೂ ಬೇಕಾಗುತ್ತೆ. ಒಂದು ಸಲ ತಪ್ಪಿದ್ರೆ ಆರಿದ್ರಾ ಮಳೆ ಕಳೆಯೋ ಹೊತ್ತಿಗೆ ಎಳೆ ಕಾಯಿ ಉದುರೋಕೆ ಶುರು ಆಗುತ್ತೆ, ಆ ಮನೆ ವರ್ಷದ ಆದಾಯ ಅಲ್ಲೇ ಹೋಯ್ತು. ಕಳೆದ ಮಳೆಗಾಲದಲ್ಲಿ ನಮ್ಮ ಹುಡುಗ್ರು ಒಂದು ಮನೆಗೆ ಹೋಗಿದ್ರು, ಮಗ ಗಡಿಯಲ್ಲಿ, ಅಪ್ಪಯ್ಯನಿಗೆ ಮಂಡಿ ನೋವು, ತೋಟಕ್ಕೆ ಇಳಿಯೋಕೇ ಆಗಲ್ಲ. ಆದ್ರೂ ಡ್ರಮ್ಮಿನ ಪಕ್ಕ ಕುರ್ಚಿ ಹಾಕ್ಸಿಕೊಂಡು ಕೂತಿದ್ರು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಎರಡನ್ನೂ ಬೇರೆ ಬೇರೆ ಕರಗ್ಸಿ, ಸುಣ್ಣದ ನೀರಿಗೆ ತುತ್ತದ ನೀರನ್ನ ನಿಧಾನಕ್ಕೆ ಹುಯ್ಯಬೇಕು, ಉಲ್ಟಾ ಮಾಡಂಗಿಲ್ಲ. ಹುಡುಗ್ರು ಕಲಸಿ ಮುಗ್ಸಿದ್ಮೇಲೆ ಅಪ್ಪಯ್ಯ ಸೊಂಟದಲ್ಲಿದ್ದ ಕತ್ತಿ ತೆಗೆದು ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಡ್ರಮ್ಮಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡ್ಕೊಂಡು ಆಚೆ ತೆಗೆದ್ರು, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. "ಸುಣ್ಣ ಸಾಲ್ದು ತಮ್ಮಾ, ಇನ್ನೊಂದು ಹಿಡಿ ಹಾಕು" ಅಂದ್ರು. ಮತ್ತೆ ಹಾಕಿದ್ರು, ಮತ್ತೆ ಅದ್ದಿದ್ರು, ಅಲಗು ಬೆಳ್ಳಗೆ ಬರೋವರೆಗೂ ಬಿಡ್ಲಿಲ್ಲ. ಆಮೇಲೆ ಹುಡುಗ್ರು ಫೈಬರ್ ದೋಟಿಯಲ್ಲಿ, ಅಂದ್ರೆ ಉದ್ದನೆ ಕೋಲಲ್ಲಿ, ಕೆಳಗಿಂದಲೇ ಔಷಧಿ ಹೊಡೆದ್ರು, ಅಪ್ಪಯ್ಯ ಕೂತಲ್ಲಿಂದಲೇ ಆ ಮರ ಬಿಟ್ಟೆ ಈ ಮರ ಬಿಟ್ಟೆ ಅಂತ ಕೂಗಿ ಹೇಳ್ತಾನೇ ಇದ್ರು. ಸಾಯಂಕಾಲ ಆ ಮನೆ ಅಮ್ಮ ಎಲ್ಲರಿಗೂ ಬಿಸಿ ನೀರು ಕಾಯ್ಸಿ ಸ್ನಾನ ಮಾಡ್ಸಿ ಊಟ ಹಾಕಿ ಕಳಿಸಿದ್ರು, ದುಡ್ಡು ಕೊಡೋಕೆ ಬಂದ್ರು, ತಗೊಳ್ಲಿಲ್ಲ. ಆ ರಾತ್ರಿ ಮಗನ ಫೋನ್ ಬಂದಾಗ ಅಪ್ಪಯ್ಯ ಮೊದಲು ಹೇಳಿದ್ದೇ "ಔಷಧಿ ಆಯ್ತು" ಅಂತ. ಅಷ್ಟು ಎತ್ತರದಲ್ಲಿ ನಿಂತಿರೋ ಹುಡುಗನ ತಲೆಯಿಂದ ಒಂದು ಚಿಂತೆ ಇಳೀತು. ಸಾವಿರ ಜನ ಜೈ ಜವಾನ್ ಅಂತ ಸ್ಟೇಟಸ್ ಹಾಕಿದ್ರೂ ಆ ಚಿಂತೆ ಇಳಿಯಲ್ಲ.

ಫೋನ್ ಅಂದ್ಮೇಲೆ ನೆನಪಾಯ್ತು, ಇದು ಜಿಲ್ಲಾಡಳಿತವೇ ಮಾಡಬೇಕಾದ ಕೆಲಸ. ಫೀಲ್ಡಲ್ಲಿ ಇರೋರಿಗೆ ಫೋನ್ ಮಾಡೋಕೆ ಸಿಗೋದೇ ಯಾವಾಗ್ಲೋ, ಹೊತ್ತು ಗೊತ್ತು ಇಲ್ಲ. ನಮ್ಮಲ್ಲಿ ಎಷ್ಟೋ ಮನೆಗೆ ಒಳಗೆ ಸಿಗ್ನಲ್ಲೇ ಇಲ್ಲ, ಅಕ್ಕ ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಛತ್ರಿ ಹಿಡ್ಕೊಂಡು ನಿಂತು ಮಾತಾಡ್ತಾಳೆ, ಪಕ್ಕದಲ್ಲಿ ಮಕ್ಕಳು ಕೊಪ್ಪೆ ಹಾಕ್ಕೊಂಡು ಸರದಿ ಕಾಯ್ತಾ ನಿಂತಿರ್ತಾವೆ. ಅದೂ ಪರವಾಗಿಲ್ಲ. ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಟವರಿನ ಬ್ಯಾಟರಿ ಮುಗಿಯುತ್ತೆ, ಡೀಸೆಲ್ ಹಾಕೋರಿಲ್ಲ, ಊರಿಗೆ ಊರೇ ಮೂರು ನಾಲ್ಕು ದಿನ ಸಂಪರ್ಕ ಇಲ್ದೇ ಕೂರುತ್ತೆ. ಅತ್ತ ಅವನಿಗೆ ಟಿವಿಯಲ್ಲಿ ಮಲೆನಾಡಲ್ಲಿ ಭಾರಿ ಮಳೆ, ಧರೆ ಕುಸಿತ ಅಂತ ಕಾಣುತ್ತೆ, ಇತ್ತ ಇವಳಿಗೆ ಗಡಿಯಲ್ಲಿ ಗುಂಡಿನ ಚಕಮಕಿ ಅಂತ ಕಿವಿಗೆ ಬೀಳುತ್ತೆ, ಇಬ್ಬರ ನಡುವೆ ಒಂದು ಮಾತಿಗೆ ದಾರಿ ಇಲ್ಲ. ಮಳೆಗಾಲದ ಮುಂಜಾಗ್ರತಾ ಸಭೆಯಲ್ಲಿ ಟವರ್‌ಗಳಿಗೆ ಡೀಸೆಲ್ ಯಾರು ಹಾಕ್ತಾರೆ ಅನ್ನೋದನ್ನ ದಯವಿಟ್ಟು ಹೆಸರು ಹಿಡಿದು ಬರೆಸಿ. ಅದು ಸೈನಿಕರ ಮನೆಗಷ್ಟೇ ಅಲ್ಲ, ಎಲ್ಲರಿಗೂ ಬೇಕು.

ಆಸ್ಪತ್ರೆ ವಿಷ್ಯದಲ್ಲಿ ಜನರಿಗೆ ಒಂದು ತಪ್ಪು ತಿಳುವಳಿಕೆ ಇದೆ, ಮಿಲಿಟರಿಯವರಿಗೆ ಎಲ್ಲಾ ಫ್ರೀ ಅಂತ. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಅನ್ನೋ ಆರೋಗ್ಯ ಯೋಜನೆ ಇರೋದು ನಿವೃತ್ತರಿಗೆ ಮತ್ತೆ ಅವರ ಅವಲಂಬಿತರಿಗೆ. ಸರ್ವೀಸಲ್ಲಿ ಇರೋನ ಅಪ್ಪ ಅಮ್ಮ ಹೆಂಡ್ತಿ ಮಕ್ಕಳಿಗೆ ಮಿಲಿಟರಿ ಆಸ್ಪತ್ರೆಯೇ ಆಗ್ಬೇಕು, ಅದು ನಮ್ಮ ಜಿಲ್ಲೆಯಲ್ಲಿಲ್ಲ, ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೋ ಬೆಳಗಾವಿಗೋ ಹೋಗ್ಬೇಕು. ಸಕ್ಕರೆ ಕಾಯಿಲೆ ಬಿಪಿ ಇರೋ ಅಜ್ಜಿನ ಕರ್ಕೊಂಡು ಯಾರು ಹೋಗ್ತಾರೆ? ಹಾಗಾಗಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಊರ ಡಾಕ್ಟರ ಹತ್ರಕ್ಕೋ ಹೋಗ್ತಾರೆ. ಸ್ವಯಂಸೇವಕರು ಇಲ್ಲಿ ಮಾಡೋ ಕೆಲಸ ಸಣ್ಣದು ಆದ್ರೆ ಬಹಳ ಮುಖ್ಯ: ಗಾಡಿ ವ್ಯವಸ್ಥೆ, ರಾತ್ರಿ ವಾರ್ಡಲ್ಲಿ ಜೊತೆಗಿರೋದು, ತುರ್ತಾಗಿ ಸೇರ್ಸಿದ್ರೆ ಮಗನ ಯೂನಿಟ್‌ಗೆ ಕೂಡಲೇ ತಿಳ್ಸೋದು, ಬಿಲ್ಲು ಡಿಸ್ಚಾರ್ಜ್ ಸಮ್ಮರಿ ಒರಿಜಿನಲ್ ಒಂದನ್ನೂ ಕಳೀದೇ ಫೈಲ್ ಮಾಡಿಡೋದು. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಸೀಸನ್ನಲ್ಲಿ, ಅಂದ್ರೆ ಡಿಸೆಂಬರಿಂದ ಮೇವರೆಗೆ, ಕಾಡಿಗೆ ದನ ಬಿಡೋ ಮನೆಗಳಿಗೆ ಮೈಗೆ ಹಚ್ಕೊಳ್ಳೋ ಡೇಪಾ ಎಣ್ಣೆ ಮುಟ್ತಾ ಅಂತ ನೋಡೋದೂ ಇದೇ ಕೆಲಸ. ಈ ಡೇಪಾ ಕಂಡುಹಿಡಿದಿದ್ದು ಸೈನಿಕರ ಮೈಗೆ ಸೊಳ್ಳೆ ಉಣುಗು ಹತ್ತದಿರಲಿ ಅಂತ, ಗ್ವಾಲಿಯರಿನ ರಕ್ಷಣಾ ಲ್ಯಾಬಲ್ಲಿ. ಸೈನಿಕನಿಗೆ ಅಂತ ಮಾಡಿದ್ದು ನಮ್ಮ ಅರಳಗೋಡಿನ ಕಡೆ ಜನರನ್ನ ಕಾಯ್ತಾ ಇದೆ, ನಾವೂ ಸೈನಿಕನ ಮನೆ ಬಾಗಿಲಿಗೆ ಅದನ್ನ ಮುಟ್ಟಿಸ್ಬೇಕು.

ಈಗ ಕಾಗದ ಪತ್ರ. ಮನಸ್ಸಿಗೆ ಹೆಚ್ಚು ನೋವಾಗೋದು ಇಲ್ಲೇ. ಮದುವೆ ಆದ್ರೆ, ಮಗು ಹುಟ್ಟಿದ್ರೆ, ಅದು ಯೂನಿಟ್ ದಾಖಲೆಯಲ್ಲಿ ಪಾರ್ಟ್ ಟೂ ಆರ್ಡರ್ ಆಗಿ ಬರಬೇಕು, ಇಲ್ಲಾಂದ್ರೆ ಡಿಪೆಂಡೆಂಟ್ ಕಾರ್ಡ್ ಇಲ್ಲ, ಮುಂದೆ ಏನಾದ್ರೂ ಆದ್ರೆ ಹಕ್ಕು ಸಾಬೀತು ಮಾಡೋಕೇ ವರ್ಷಗಳು ಬೇಕು. ಅದಕ್ಕೆ ಮದುವೆ ಸರ್ಟಿಫಿಕೇಟು, ಬರ್ತ್ ಸರ್ಟಿಫಿಕೇಟು, ಎಲ್ಲದರಲ್ಲೂ ಹೆಸರು ಒಂದೇ ಥರ ಇರ್ಬೇಕು. ನಮ್ಮಲ್ಲಿ ಆಧಾರಲ್ಲಿ ಅಪ್ಪನ ಹೆಸರು ಸೇರಿರುತ್ತೆ, ಶಾಲೆ ದಾಖಲೆಯಲ್ಲಿ ಬರೀ ಇನಿಷಿಯಲ್, ಪಹಣಿಯಲ್ಲಿ ಇನ್ನೊಂದು. ಅಕ್ಕ ಮಗಳ ಬರ್ತ್ ಸರ್ಟಿಫಿಕೇಟ್ ತಿದ್ದುಪಡಿಗೆ ಅಂತ ಒಂದು ಕಚೇರಿಗೆ ಹೋದಾಗ "ಯಜಮಾನ್ರನ್ನೇ ಕರ್ಕೊಂಡು ಬನ್ನಿ" ಅಂದ್ರು. ಅವರು ಸೈನ್ಯದಲ್ಲಿದ್ದಾರೆ ಅಂದ್ರೆ "ರಜೆ ಹಾಕಿ ಬರಕ್ಕೆ ಹೇಳಿ" ಅಂದ್ರು. ಸೈನಿಕನಿಗೆ ಲೆಕ್ಕದಲ್ಲಿ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ ಇರೋದು ನಿಜ, ಆದ್ರೆ ಅದು ಸಿಗೋದು ಯೂನಿಟ್ ಪರಿಸ್ಥಿತಿ ನೋಡ್ಕೊಂಡು, ಅದರಲ್ಲೂ ಬರೋ ಹೋಗೋ ದಾರಿಯಲ್ಲೇ ಎಷ್ಟೋ ದಿನ ಸುಸ್ತು. ಒಂದು ಅಕ್ಷರ ತಿದ್ದೋಕೆ ಹಿಮದಿಂದ ಇಳಿದು ಬರಬೇಕಾ? ಕಮಾಂಡಿಂಗ್ ಆಫೀಸರ್ ಸಹಿ ಇರೋ ಪತ್ರ ತಂದ್ರೆ ಸಾಕು, ಹೆಂಡ್ತಿಯ ಅಥವಾ ತಂದೆ ತಾಯಿಯ ಅರ್ಜಿ ಪರಿಗಣಿಸಿ ಅಂತ ಒಂದು ಸುತ್ತೋಲೆ ನಿಮ್ಮ ಕಚೇರಿಯಿಂದ ಎಲ್ಲಾ ನಾಡಕಚೇರಿ, ಪಂಚಾಯ್ತಿ, ತಾಲೂಕು ಆಫೀಸಿಗೆ ಹೋಗ್ಲಿ. ಕಾನೂನು ಎಲ್ಲಿವರೆಗೆ ಬಿಡುತ್ತೋ ಅಲ್ಲಿವರೆಗೆ.

ಇನ್ನು ಜಮೀನು. ಅಣ್ಣ ಡ್ಯೂಟಿಯಲ್ಲಿದ್ದಾಗ ದಾಯಾದಿಗಳು ಕೋರ್ಟಿಗೆ ಹಾಕೋದು, ಬೇಲಿ ಸರ್ಸೋದು, ಖಾತೆ ತಕರಾರು, ಇದು ಮಲೆನಾಡಲ್ಲಿ ಹೊಸದಲ್ಲ. ಇದಕ್ಕೆ ಬ್ರಿಟಿಷರ ಕಾಲದಿಂದಲೂ ಒಂದು ಕಾನೂನಿದೆ, 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಮಾಡ್ತಿರೋ ಸೈನಿಕನ ಮೇಲೆ ಸಿವಿಲ್ ಅಥವಾ ರೆವಿನ್ಯೂ ಕೋರ್ಟಲ್ಲಿ ಕೇಸಿದ್ದು, ಅವನ ಪರ ನಿಲ್ಲೋರು ಇಲ್ಲ ಅಂತ ಜಿಲ್ಲಾಧಿಕಾರಿಗಳು ಸರ್ಟಿಫೈ ಮಾಡಿ ಕೋರ್ಟಿಗೆ ತಿಳಿಸಿದ್ರೆ ಕೋರ್ಟು ವಿಚಾರಣೆ ಮುಂದೂಡ್ಬೇಕು. ಅಂಥ ಸೇವೆಯ ಅವಧಿನ ಕೇಸು ಹಾಕೋಕೆ ಇರೋ ಕಾಲಮಿತಿಯ ಲೆಕ್ಕಕ್ಕೂ ಹಿಡಿಯಲ್ಲ. ನೂರು ವರ್ಷ ಆಯ್ತು ಈ ಕಾಯ್ದೆಗೆ, ನಾವು ಕೇಳಿದ ಒಂದು ಮನೆಯವರಿಗೂ ಇದು ಗೊತ್ತಿರಲಿಲ್ಲ! 2025ರ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸದಂದು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದವರು ಶ್ರೀನಗರದಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆ ಅಂತ ಶುರು ಮಾಡಿದ್ರು, ಸೈನಿಕ ಮಂಡಳಿ ಕಚೇರಿಗಳಲ್ಲೇ ಕಾನೂನು ನೆರವು ಕೇಂದ್ರ ಇಟ್ಟು ಸೈನಿಕರ ಕುಟುಂಬಕ್ಕೆ ಉಚಿತ ಸಹಾಯ ಕೊಡೋದು ಇದರ ಉದ್ದೇಶ. 15100 ಅನ್ನೋ ಸಹಾಯವಾಣಿನೂ ಇದೆ. ಇದನ್ನ ಕನ್ನಡದಲ್ಲಿ ಒಂದು ಹಾಳೆ ಮಾಡಿ ಪ್ರತಿ ಸೈನಿಕನ ಮನೆಗೆ ಮುಟ್ಸಿ, ಹಂಚೋಕೆ ನಾವು ಬರ್ತೀವಿ.

ಈಗ ಜನರಿಗೆ ಒಂದೆರಡು ಮಾತು, ಯಾಕಂದ್ರೆ ಸಹಾಯ ಮಾಡೋಕೆ ಮನಸ್ಸಿರೋರು ಬಹಳ ಇದ್ದಾರೆ, ಹೇಗೆ ಮಾಡ್ಬೇಕು ಅಂತ ಗೊತ್ತಿಲ್ಲ ಅಷ್ಟೇ.

ಮನೆಗೆ ಹೋದಾಗ ಫೋಟೋ ತೆಗೀಬೇಡಿ. ಅಕ್ಕಿ ಮೂಟೆ ಕೊಟ್ಟು ಪಕ್ಕ ನಿಂತು ಫೋಟೋ ತೆಗೆದು ಹಾಕಿದ್ರೆ ಆ ಮನೆಯವರು ಇನ್ನೊಂದು ಸಲ ಬಾಯಿ ಬಿಟ್ಟು ಏನೂ ಕೇಳಲ್ಲ, ಅವರು ಮರ್ಯಾದೆಯಿಂದ ಬದುಕ್ತಿರೋ ಜನ, ಬಡವರು ಅಂತ ನಾವು ಹೋಗ್ತಿಲ್ಲ, ಕೈ ಕಡಿಮೆ ಇದೆ ಅಂತ ಹೋಗ್ತಿದೀವಿ. ಗಂಡ ಊರಲ್ಲಿ ಇಲ್ಲದ ಮನೆಗೆ ಗಂಡಸರು ಒಬ್ಬೊಬ್ಬರೇ ಹೋಗೋದು ಬೇಡ, ಗುಂಪಲ್ಲಿ ಒಬ್ಬರಾದ್ರೂ ಹೆಂಗಸರು ಇರ್ಲಿ, ಊರ ಬಾಯಿ ಹೇಗಿರುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ, ಅದನ್ನ ಅನುಭವಿಸೋದು ಅವಳು. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಅಕ್ಕಂದ್ರು ಜೊತೆ ಸೇರಿದ್ರೆ ಈ ತೊಂದರೆನೇ ಬರಲ್ಲ.

ಆಮೇಲೆ, "ಎಲ್ಲಿದ್ದಾರೆ ಈಗ? ಯಾವ ಕಡೆ ಹಾಕಿದ್ದಾರೆ?" ಅಂತ ಕೇಳೋದನ್ನ ಬಿಡಿ. ಸೈನಿಕನ ವಿಳಾಸದಲ್ಲಿ ನಂಬರು, ರ್ಯಾಂಕು, ಹೆಸರು, ಯೂನಿಟ್ಟು, ಕೊನೆಗೆ 56 ಎಪಿಒ ಅಥವಾ 99 ಎಪಿಒ ಅನ್ನೋ ಸೈನ್ಯದ ಅಂಚೆ ಕಚೇರಿ ನಂಬರು ಮಾತ್ರ ಇರೋದು ಸುಮ್ನೆ ಅಲ್ಲ, ಜಾಗ ಗೊತ್ತಾಗಬಾರದು ಅಂತಲೇ. ಊರ ಗ್ರೂಪಲ್ಲಿ ನಮ್ಮ ಹುಡುಗ ಇಂಥ ಕಡೆ ಇದ್ದಾನೆ, ಇವತ್ತು ಹೊರಟ ಅಂತ ಹಾಕೋದು ಅಭಿಮಾನಕ್ಕೇ ಇರ್ಬಹುದು, ಆದ್ರೆ ಅಪಾಯ ಅವನಿಗೆ. ಮಕ್ಕಳ ಹತ್ರ ಕಾಗದ ಬರೆಸಿ ಕಳ್ಸಿ, ಅದು ತುಂಬಾ ಒಳ್ಳೇದು, ಊರಲ್ಲಿ ಮಳೆ ಹೇಗಿದೆ, ಕೆರೆ ಕೋಡಿ ಬಿತ್ತಾ, ಶಾಲೆ ಆಟದಲ್ಲಿ ಯಾರು ಗೆದ್ರು, ಇಂಥದ್ದು ಬರೀಲಿ.

ಸೈನಿಕರ ಹೆಸರು ಹೇಳ್ಕೊಂಡು ಮನೆ ಮನೆಗೆ ಚಂದಾ ಕೇಳೋರಿಗೆ ಕೊಡ್ಬೇಡಿ. ಕೊಡೋ ಮನಸ್ಸಿದ್ರೆ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಇದೆ, 1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ನಡ್ಕೊಂಡು ಬಂದಿದೆ, ಸೈನಿಕ ಮಂಡಳಿ ಮೂಲಕ ಕೊಟ್ಟು ರಸೀದಿ ತಗೊಳ್ಳಿ.

ಇನ್ನೂ ಎರಡು ಥರದ ಮನೆಗಳನ್ನ ದಯವಿಟ್ಟು ಬಿಟ್ಟುಬಿಡಬೇಡಿ. ಒಂದು, ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿಯವರ ಮನೆ. ಇವರು ಬರೋದು ಗೃಹ ಇಲಾಖೆ ಕೆಳಗೆ, ಸೈನಿಕ ಮಂಡಳಿ ಇರೋದು ಭೂಸೇನೆ ನೌಕಾಪಡೆ ವಾಯುಪಡೆಯವರಿಗೆ, ಹಾಗಾಗಿ ಅಲ್ಲಿಗೆ ಹೋದ್ರೆ ನಿಮ್ದು ಇಲ್ಲಿ ಬರಲ್ಲ ಅಂತಾರೆ. ಕಾಯೋದು ಅದೇ ಗಡಿ, ಮಳೆಗಾಲಕ್ಕೆ ಮನೆಯಲ್ಲಿ ಇರೋ ಕಷ್ಟನೂ ಅದೇ. ಇನ್ನೊಂದು, ಅಗ್ನಿವೀರರು. 2022ರ ಜೂನಲ್ಲಿ ಘೋಷಣೆ ಆದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗ್ರು, ನಾಲ್ಕು ವರ್ಷ ಸೇವೆ, ಆಮೇಲೆ ಹೆಚ್ಚೆಂದ್ರೆ ನೂರಕ್ಕೆ 25 ಜನರನ್ನ ಉಳ್ಸಿಕೊಳ್ತಾರೆ. ಇವರಿಗೆ ರಜೆ ವರ್ಷಕ್ಕೆ 30 ದಿನ ಮಾತ್ರ, ನಾಲ್ಕು ವರ್ಷ ಮುಗಿಸಿ ಬಂದ್ರೆ ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ್ರು, ಅಪ್ಪ ಅಮ್ಮನಿಗೆ ಇನ್ನೂ ಚಿಕ್ಕೋರೇ. ವಾಪಸ್ ಬರೋರಿಗೆ ಕೆಲಸ, ಓದು, ಸಾಲ ಅಂತ ದಾರಿ ತೋರ್ಸೋಕೆ ಜಿಲ್ಲೆಯಲ್ಲಿ ಯಾರಾದ್ರೂ ಕೂತಿರ್ಬೇಕು. ಯೋಜನೆ ಸರಿಯೋ ತಪ್ಪೋ ಅಂತ ನಾನು ಇಲ್ಲಿ ವಾದಕ್ಕೆ ಇಳಿಯಲ್ಲ, ಹುಡುಗ್ರು ನಮ್ಮವರು.

ಜಿಲ್ಲಾಧಿಕಾರಿಗಳೇ, ಸ್ವಯಂಸೇವಕರು ಎಲ್ಲಿಂದ ಬರ್ತಾರೆ ಅನ್ನೋ ಚಿಂತೆ ಬೇಡ. ಪ್ರತಿ ತಾಲೂಕಲ್ಲೂ ಮಾಜಿ ಸೈನಿಕರಿದ್ದಾರೆ, ಅವರಿಗೆ ಆ ಫಾರ್ಮುಗಳೆಲ್ಲಾ ಅರ್ಥ ಆಗುತ್ತೆ. ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಇದೆ, ಎನ್‌ಸಿಸಿ ಇದೆ. ತೋಟದ ಕೆಲಸಕ್ಕೆ ಸಹಕಾರ ಸಂಘದವರು ಹೇಳಿದ್ರೆ ದೋಟಿ ಹಿಡಿಯೋ ಹುಡುಗ್ರು ಬಂದೇ ಬರ್ತಾರೆ, ಬೋರ್ಡೋ ಸಾಮಾನಿನ ದುಡ್ಡು ಮನೆಯವರೇ ಹಾಕ್ತಾರೆ, ಅವರಿಗೆ ಬೇಕಾಗಿರೋದು ಸರಿಯಾದ ದಿನಕ್ಕೆ ಸಿಗೋ ಆಳು. ಯಾರ ಮನೆ ಅನ್ನೋ ಪಟ್ಟಿ ಮಾತ್ರ ಎಲ್ಲೂ ಬಹಿರಂಗ ಆಗ್ಬಾರ್ದು. ಇಷ್ಟ ಇರೋ ಕುಟುಂಬದವರು ತಾವಾಗೇ ಬಂದು ಹೆಸರು ಬರೆಸಲಿ, ಪಟ್ಟಿ ಸೈನಿಕ ಕಲ್ಯಾಣ ಕಚೇರಿಯಲ್ಲೇ ಇರ್ಲಿ, ಸ್ವಯಂಸೇವಕನಿಗೆ ತನ್ನ ಪಂಚಾಯ್ತಿಯ ಮನೆ ಮಾತ್ರ ಗೊತ್ತಾಗ್ಲಿ, ಅವನ ಪೊಲೀಸ್ ವೆರಿಫಿಕೇಷನ್ ಮೊದಲೇ ಆಗ್ಲಿ.

ಮೇ ತಿಂಗಳ ಮೊದಲ ವಾರ ದಾಟೋದ್ರೊಳಗೆ ಇದಕ್ಕೆ ಅಂತಲೇ ಒಂದು ಸಭೆ ಕರೀರಿ, ಆಮೇಲೆ ಕರೆದ್ರೆ ಈ ವರ್ಷದ ಮೊದಲ ಔಷಧಿಗೆ ಉಪಯೋಗಕ್ಕೆ ಬರಲ್ಲ. ತಾಲೂಕು ಆಸ್ಪತ್ರೆಯವರು, ತೋಟಗಾರಿಕೆಯವರು, ಮೆಸ್ಕಾಂನವರು, ಕಾನೂನು ಸೇವಾ ಪ್ರಾಧಿಕಾರದವರು ಇರ್ಲಿ, ಜೊತೆಗೆ ಸೈನಿಕರ ಹೆಂಡ್ತಿಯರನ್ನ, ತಾಯಂದ್ರನ್ನ ಕರೆಸಿ ಮೊದಲು ಅವರ ಮಾತು ಕೇಳಿ. ಸಭೆ ಬೆಳಿಗ್ಗೆ 11ರ ಮೇಲೆ ಇಟ್ಟು ಮೂರು ಗಂಟೆಯೊಳಗೆ ಮುಗಿಸಿದ್ರೆ ನಗರ, ಹುಲಿಕಲ್, ಆಗುಂಬೆ ಕಡೆಯಿಂದ ಬರೋ ಹೆಂಗಸರಿಗೆ ವಾಪಸ್ ಹೋಗೋಕೆ ಬಸ್ ಸಿಗುತ್ತೆ. ದಿನಾಂಕ ತಿಳ್ಸಿ, ನಮ್ಮ ಕಡೆಯವರನ್ನ ಕರ್ಕೊಂಡು ಬರೋ ಜವಾಬ್ದಾರಿ ನಮ್ದು.

ಇಂತಿ,
ಹೊಸನಗರ ತಾಲೂಕಿನ ಸೈನಿಕರೊಬ್ಬರ ನಾದಿನಿ